ನಿಮ್ಮೂರ ಕೆರೆಯ ನಕ್ಷೆ ಮಾಡಬೇಕಾ? ಏಪ್ರಿಲ್‌ನಲ್ಲಿ ಹೋಗಿ

ಕೆರೆ ತುಂಬಿದಾಗ ಎಲ್ಲರೂ ನೋಡಲು ಹೋಗುತ್ತಾರೆ. ಕೋಡಿ ಹತ್ತಿರ ನಿಂತು ಫೋಟೋ ತೆಗೆದು, ಮಿರ್ಚಿ ಭಜಿ ತಿಂದು ವಾಪಸ್ ಬರುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ, ತಪ್ಪೇನಿಲ್ಲ. ಆದರೆ ಕೆರೆ ಎಷ್ಟು ಆಳ, ನೀರು ಯಾವ ಕಡೆಯಿಂದ ಬರುತ್ತದೆ, ಒಂದು ಮೂಲೆ ಯಾಕೆ ದೀಪಾವಳಿಗೇ ಒಣಗುತ್ತದೆ ಅಂತ ತಿಳಿಯಬೇಕಾದರೆ ತುಂಬಿದ ಕೆರೆಯಿಂದ ಉಪಯೋಗವಿಲ್ಲ. ತಳ ಕಾಣುವುದೇ ಇಲ್ಲ ಅಲ್ವಾ? ಏಪ್ರಿಲ್ ಕೊನೆಗೆ ಹೋಗಿ. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಹತ್ತರ ಮೇಲೆ ನಮ್ಮ ಕಡೆ ಬಿಸಿಲು ಯಾರನ್ನೂ ಬಿಡುವುದಿಲ್ಲ.

ನಾನು ಮೊದಲು ಅಳೆದದ್ದು ಆಳಂದ ತಾಲ್ಲೂಕಿನ ನಮ್ಮೂರ ಕೆರೆ. ಸಣ್ಣದು, ತುಂಬಿದಾಗ ಸುಮಾರು 20 ಎಕರೆ, ಅಂದರೆ 8 ಹೆಕ್ಟೇರ್. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇಂಥ ಕೆರೆಗಳು ಬೇಕಾದಷ್ಟಿವೆ. ಕೆಲಸಕ್ಕೆ ಬೇಕಾದ ಸಾಮಾನೂ ಕಮ್ಮಿ: ಒಂದು ಫೋನ್, ನೋಟ್‌ಬುಕ್, ಟೇಪು, ಎರಡು ಕೋಲು, ಗೌಂಡಿಗಳ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪು, ಮತ್ತೆ ಜೊತೆಗೆ ಒಬ್ಬ ಗೆಳೆಯ. ಒಬ್ಬರೇ ಹೋಗಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮನೆಯಲ್ಲೇ ಕೂತು ಒಂದು ಸಂಜೆ ನಕ್ಷೆ ನೋಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಟೋಪೋಶೀಟ್‌ಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದರಲ್ಲಿ ಕಂದು ಗೆರೆಗಳು ಎತ್ತರದ್ದು, ಸಾಮಾನ್ಯವಾಗಿ 20 ಮೀಟರ್‌ಗೆ ಒಂದು. ಕೆರೆಯ ಒಡ್ಡಿನ ಪಕ್ಕ 4r, 6r ಅಂತ ಏನೋ ಬರೆದಿರುತ್ತದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರವಲ್ಲ, ಪಕ್ಕದ ನೆಲದಿಂದ ಒಡ್ಡು ಎಷ್ಟು ಮೀಟರ್ ಎದ್ದಿದೆ ಅನ್ನುವುದು. ಆ ಒಂದು ಅಂಕಿಯಿಂದಲೇ ಕೆರೆ ಆಳ ಹೆಚ್ಚೆಂದರೆ ಎಷ್ಟಿರಬಹುದು ಅಂತ ಅಂದಾಜು ಸಿಗುತ್ತದೆ. ಆಮೇಲೆ ದಿಶಾಂಕ್ ಆ್ಯಪ್‌ನ ನಕ್ಷೆಯಲ್ಲಿ ಕೆರೆಯ ಮೇಲೆ ಒತ್ತಿ ಸರ್ವೆ ನಂಬರ್ ನೋಡಿಕೊಳ್ಳಿ. ಹಳೇ ನಕ್ಷೆ ಹುಡುಕುವಾಗ ಒಂದು ನೆನಪಿಡಿ: 2014ರ ನವೆಂಬರ್‌ವರೆಗೆ ಕಲಬುರಗಿ ಅಧಿಕೃತವಾಗಿ ಗುಲ್ಬರ್ಗಾ, 2009ರ ಕೊನೆಯವರೆಗೆ ಯಾದಗಿರಿಯೂ ಅದರೊಳಗೇ ಇತ್ತು. 1956ರವರೆಗೆ ಮೂರೂ ಹೈದರಾಬಾದ್ ರಾಜ್ಯ. ಆದ್ದರಿಂದ ತೀರಾ ಹಳೇ ಕಾಗದ ಸಿಕ್ಕರೆ ಅದು ಉರ್ದುವಿನಲ್ಲಿರುವ ಸಾಧ್ಯತೆಯೇ ಜಾಸ್ತಿ. ಊರಲ್ಲಿ ಉರ್ದು ಓದುವ ಹಿರಿಯರೊಬ್ಬರನ್ನು ಹಿಡಿದರೆ ಕೆಲಸ ಸಲೀಸು, ಚಹಾನೂ ಸಿಗುತ್ತದೆ.

ಈಗ ಕಲ್ಲಿನ ವಿಷಯ. ಇದನ್ನು ಬಿಟ್ಟು ಕೆರೆ ಅಳೆಯಲು ಹೋದರೆ ಅರ್ಧ ಮಾತ್ರ ತಿಳಿಯುತ್ತದೆ, ಯಾಕಂದರೆ ಈ ಮೂರು ಜಿಲ್ಲೆಗಳಲ್ಲಿ ಕೆರೆಯ ಆಕಾರವನ್ನು ತೀರ್ಮಾನಿಸುವುದು ಕೆಳಗಿರುವ ಕಲ್ಲೇ. ಆಳಂದ, ಬೀದರ್ ಕಡೆ ಕರೀ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಪದರದ ಮೇಲೆ ಪದರ, ಮೆಟ್ಟಿಲು ಮೆಟ್ಟಿಲಾಗಿ. ಅದು ಸವೆದು ಆದದ್ದೇ ನಮ್ಮ ಎರೆ ಮಣ್ಣು. ಇಲ್ಲಿ ನೆಲ ಚಪ್ಪಟೆ, ಹಾಗಾಗಿ ಒಡ್ಡು ಉದ್ದ ಇರುತ್ತದೆ, ನೀರು ತಟ್ಟೆಯಲ್ಲಿ ಸಾರು ಹರಡಿದ ಹಾಗೆ ಹರಡುತ್ತದೆ. ಆಳ ಕಮ್ಮಿ, ಹೂಳು ಜಾಸ್ತಿ.

ಬೀದರ್ ಊರು ನಿಂತಿರುವ ದಿಬ್ಬದ್ದು ಬೇರೆ ಕಥೆ. ಅಲ್ಲಿ ಬಸಾಲ್ಟ್ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಟೋಪಿ ಇದೆ. ಜಂಬಿಟ್ಟಿಗೆ ತುಂಬ ತೂತು, ಮಳೆನೀರು ಸ್ಪಂಜಿಗೆ ಇಳಿದ ಹಾಗೆ ಇಳಿಯುತ್ತದೆ, ಕೆಳಗಿನ ಗಟ್ಟಿ ಪದರ ಬಂದಾಗ ನಿಂತು ಪಕ್ಕಕ್ಕೆ ಹರಿಯುತ್ತದೆ. ದಿಬ್ಬದ ಅಂಚಿನಲ್ಲಿ ಎಲ್ಲಿ ಆ ಪದರ ಹೊರಗೆ ಬಂದಿದೆಯೋ ಅಲ್ಲಿ ಝರಿ. ನಾನಕ್ ಝೀರಾದ ನೀರು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಂತ ನೀರು, ಎರಡರ ಗುಟ್ಟೂ ಇದೇ. ಬಹಮನಿ ಕಾಲದಲ್ಲಿ ನೌಬಾದ್ ಹತ್ತಿರ ಸುರಂಗ ಬಾವಿ ಕೊರೆದವರೂ ಈ ಜಂಬಿಟ್ಟಿಗೆಯಲ್ಲಿ ಇಳಿದು ನಿಂತ ನೀರನ್ನೇ ಹುಡುಕಿಕೊಂಡು ಹೋದವರು. ಈ ದಿಬ್ಬದ ಅಂಚಿನಲ್ಲಿ ನಿಮಗೆ ಸಣ್ಣ ಕೆರೆಯೊಂದು ಸಿಕ್ಕರೆ ಮೊದಲು ಅದರ ಮೇಲುಬದಿಯ ಕೆಂಪು ಗೋಡೆಯ ಬುಡ ನೋಡಿ. ಬೇಸಿಗೆಯಲ್ಲೂ ಹಸಿ ಇದ್ದರೆ ಆ ಕೆರೆಗೆ ಮಳೆಯ ಜೊತೆ ಝರಿಯೂ ಇದೆ ಅಂತಾಯಿತು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಪರಸಿ ಅದೇ. ಅದರ ಸಂದುಗಳಲ್ಲಿ ನೀರು ಜಾರಿಹೋಗುವುದು ಸಾಮಾನ್ಯ. ದಕ್ಷಿಣಕ್ಕೆ ಯಾದಗಿರಿ, ಶಹಾಪುರ, ಸುರಪುರಕ್ಕೆ ಬಂದರೆ ಗ್ರಾನೈಟ್ ಗುಡ್ಡಗಳು. ಶಹಾಪುರದ ಮಲಗಿದ ಬುದ್ಧನ ಗುಡ್ಡ ಯಾರು ನೋಡಿಲ್ಲ! ಎರಡು ಗುಡ್ಡದ ನಡುವಿನ ಕಣಿವೆಗೆ ಗಿಡ್ಡ ಒಡ್ಡು ಹಾಕಿದರೆ ಸಾಕು, ನೀರು ಆಳವಾಗಿ ನಿಲ್ಲುತ್ತದೆ. ಆ ಸೀಮೆಯಲ್ಲಿ ದೊಡ್ಡ ಕೆರೆ ನೋಡಬೇಕೆಂದರೆ ಸುರಪುರ ತಾಲ್ಲೂಕಿನ ಬೋನಾಳಕ್ಕೆ ಹೋಗಿ. ಸುರಪುರದ ನಾಯಕರ ಕಾಲದ ಕೆರೆ, 19ನೇ ಶತಮಾನದಲ್ಲಿ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದರ ಕೆಲಸ ಮಾಡಿಸಿದ. ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹೋದರೆ ಹಕ್ಕಿಗಳೂ ಸಿಗುತ್ತವೆ.

ಇನ್ನು ಜಲಾನಯನ, ಅಂದರೆ ಎಷ್ಟು ನೆಲದ ಮೇಲೆ ಬಿದ್ದ ಮಳೆ ನಿಮ್ಮ ಕೆರೆಗೆ ಬರುತ್ತದೆ ಅನ್ನುವುದು. ಟೋಪೋಶೀಟ್‌ನಲ್ಲಿ ಒಡ್ಡಿನ ಎರಡು ತುದಿಗಳಿಂದ ಶುರು ಮಾಡಿ. ಪೆನ್ಸಿಲನ್ನು ಎತ್ತರದ ಗೆರೆಗಳಿಗೆ ಅಡ್ಡವಾಗಿ, ಏರುತ್ತಾ ಒಯ್ಯಿರಿ, ದಿನ್ನೆಯ ನೆತ್ತಿ ಹಿಡಿದು ಹೋಗಿ. ಗೆರೆಗಳು ಬಾಣದ ತುದಿಯ ಹಾಗೆ ಬಾಗಿದಲ್ಲಿ ತುದಿ ಮೇಲ್ಗಡೆಗೆ ತೋರಿಸುತ್ತಿದ್ದರೆ ಅದು ಹಳ್ಳ, ಇಳಿಜಾರಿಗೆ ತೋರಿಸುತ್ತಿದ್ದರೆ ದಿನ್ನೆ. ಎರಡು ಗೆರೆ ಮೇಲೆ ಸೇರಿದಾಗ ಒಳಗೆ ಉಳಿದದ್ದೇ ನಿಮ್ಮ ಜಲಾನಯನ. ಗೂಗಲ್ ಅರ್ಥ್‌ನಲ್ಲಿ ಅದೇ ಆಕಾರ ಬಿಡಿಸಿದರೆ ವಿಸ್ತೀರ್ಣ ಅದೇ ಹೇಳುತ್ತದೆ. ನಮ್ಮೂರಿನದು ಸುಮಾರು 220 ಹೆಕ್ಟೇರ್ ಬಂತು.

ಆದರೆ ಎರೆ ಹೊಲದ ಸೀಮೆಯಲ್ಲಿ 20 ಮೀಟರ್‌ನ ಗೆರೆಗಳು ಬಹಳ ದೂರ ದೂರ ಇರುತ್ತವೆ. ದಿನ್ನೆಯ ನೆತ್ತಿ ಕಣ್ಣಿಗೆ ಕಾಣುವುದೇ ಇಲ್ಲ, ಎಲ್ಲಾ ತೊಗರಿ ಹೊಲ, ಎಲ್ಲಾ ಸಪಾಟು. ಅದಕ್ಕೆ ನಾನು ಮಾಡಿದ್ದು ಇಷ್ಟೇ: ಒಂದು ದೊಡ್ಡ ಮಳೆ ಬಂದ ಮರುದಿನ ಬೈಕಿನಲ್ಲಿ ಸುತ್ತಲಿನ ಪ್ರತಿ ರಸ್ತೆಯ ಮೋರಿ ಹತ್ತಿರ ನಿಂತು, ಕಸ ಕಡ್ಡಿ ಯಾವ ಕಡೆ ಬಾಗಿ ಮಲಗಿದೆ ಅಂತ ನೋಡಿ ನಕ್ಷೆಯಲ್ಲಿ ಬಾಣದ ಗುರುತು ಹಾಕಿದೆ. ಕುರಿ ಕಾಯುವವರನ್ನೂ ಕೇಳಿ. "ಈ ಹೊಲದ ನೀರು ಎತ್ತಾಗ ಹೋಗ್ತದ?" ಅಂದರೆ ಕೋಲೆತ್ತಿ ತೋರಿಸುತ್ತಾರೆ, ತಪ್ಪುವುದು ಕಡಿಮೆ.

ಹೀಗೆ ಹೋದಾಗಲೇ ನಮಗೆ ಒಂದು ಸಂಗತಿ ಸಿಕ್ಕಿತು. ಕೆಲವು ವರ್ಷದ ಹಿಂದೆ ಎತ್ತರಿಸಿದ ರಸ್ತೆಯೊಂದರ ಕೆಳಗೆ ಮೋರಿ ಪೈಪು ಹಾಕಿದ್ದರು, ಆದರೆ ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಒಂದು ಮೊಳ ಮೇಲಿತ್ತು. ನೀರು ಪೈಪು ಹತ್ತಲಾರದೆ ರಸ್ತೆ ಪಕ್ಕದ ಚರಂಡಿ ಹಿಡಿದು ಬೇರೆ ಹಳ್ಳಕ್ಕೆ ಹೋಗುತ್ತಿತ್ತು. ನಕ್ಷೆಯ ಪ್ರಕಾರ ನಮ್ಮದಾದ 220 ಹೆಕ್ಟೇರ್‌ನಲ್ಲಿ ಹತ್ತಿರ ಹತ್ತಿರ 60 ಹೆಕ್ಟೇರ್ ಹಂಗೇ ಕೈ ಬಿಟ್ಟಿತ್ತು. ಊರಲ್ಲಿ ಎಲ್ಲರೂ "ಈಗ ಮೊದಲಿನ ಮಳೆ ಇಲ್ಲ ಬಿಡ್ರಿ" ಅನ್ನುತ್ತಿದ್ದರು. ಮಳೆ ಬರುತ್ತಲೇ ಇತ್ತು, ರಸ್ತೆಯ ಆಚೆ ನಿಲ್ಲುತ್ತಿತ್ತು.

ಈಗ ಕೆರೆಗೆ ಇಳಿಯೋಣ. ಮೊದಲ ಸುತ್ತು ದಡದಲ್ಲಿ. ಫೋನಿನಲ್ಲಿ ದಾರಿ ದಾಖಲಿಸುವ ಯಾವುದಾದರೂ ಆ್ಯಪ್ ಹಾಕಿ, ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೋ ಆ ಗುರುತು ಹಿಡಿದು ನಡೆಯಿರಿ. ಗುರುತು ಹುಡುಕುವುದು ಸುಲಭ: ಒಣಗಿದ ಕಡ್ಡಿ, ಪ್ಲಾಸ್ಟಿಕ್, ಶಂಖದ ಹುಳುವಿನ ಬಿಳೀ ಚಿಪ್ಪು ಒಂದು ಸಾಲಾಗಿ ಬಿದ್ದಿರುತ್ತದೆ. ಬಳ್ಳಾರಿ ಜಾಲಿ ಕಾಂಡದ ಮೇಲೆ ಕೆಸರಿನ ಪಟ್ಟಿ ಇರುತ್ತದೆ. ಅದಕ್ಕಿಂತ ಪಕ್ಕಾ ಬೇಕೆಂದರೆ ಕೋಡಿಯ ಕಲ್ಲಿನ ಮಟ್ಟ ನೋಡಿ, ತುಂಬಿದ ಕೆರೆಯ ಮಟ್ಟ ಅದೇ. ಬಯಲಿನಲ್ಲಿ ಫೋನ್ ಮೂರರಿಂದ ಐದು ಮೀಟರ್ ಅತ್ತಿತ್ತ ತೋರಿಸುತ್ತದೆ, ನಡೆಯುತ್ತದೆ. ಆದರೆ ಫೋನ್ ತೋರಿಸುವ ಎತ್ತರವನ್ನು ಮಾತ್ರ ನಂಬಬೇಡಿ. ಅದು ಸುಮ್ನೆ ನಿಂತಲ್ಲೇ ಹತ್ತು ಮೀಟರ್ ಏರಿ ಇಳಿಯುತ್ತದೆ.

ಎತ್ತರಕ್ಕೆ ಗೌಂಡಿ ಪೈಪೇ ಬೇಕು. 20 ಮೀಟರ್ ಪಾರದರ್ಶಕ ಪೈಪು ತಗೊಳ್ಳಿ, ನೀರು ತುಂಬಿ, ಒಳಗೆ ಗಾಳಿ ಗುಳ್ಳೆ ಒಂದೂ ಇರದ ಹಾಗೆ ನೋಡಿಕೊಳ್ಳಿ. ಒಂದು ಗುಳ್ಳೆ ಉಳಿದರೂ ಲೆಕ್ಕ ಎಕ್ಕುಟ್ಟಿಹೋಗುತ್ತದೆ. ಎರಡು ಕೋಲಿಗೂ ಟೇಪು ಅಂಟಿಸಿ, ಬುಡದಲ್ಲಿ ಸೊನ್ನೆ. ಪೈಪಿನ ಒಂದು ತುದಿ ನಿಮ್ಮ ಕೋಲಿಗೆ, ಇನ್ನೊಂದು ಗೆಳೆಯನ ಕೋಲಿಗೆ. ನೀವು ಕೋಡಿ ಮಟ್ಟದಲ್ಲಿ ನಿಲ್ಲಿ, ಅವನು ಕೆರೆ ಅಂಗಳಕ್ಕೆ 15 ಮೀಟರ್ ಇಳಿಯಲಿ. ಪೈಪಿನ ನೀರು ಅಲುಗಾಡುವುದು ನಿಂತ ಮೇಲೆ ಇಬ್ಬರೂ ಅಂಕಿ ಕೂಗಿ. ನಿಮ್ಮದು 62 ಸೆಂಟಿಮೀಟರ್, ಅವನದು 95 ಅಂದರೆ ಅವನು ನಿಂತ ನೆಲ 33 ಸೆಂಟಿಮೀಟರ್ ಕೆಳಗಿದೆ. ಬರೆದುಕೊಳ್ಳಿ. ಆಮೇಲೆ ನೀವು ಅವನನ್ನು ದಾಟಿ ಮುಂದೆ ಹೋಗಿ. ಹೀಗೆ ಒಬ್ಬರನ್ನೊಬ್ಬರು ದಾಟುತ್ತಾ ಒಡ್ಡಿನ ಬುಡದವರೆಗೆ ಒಂದು ಸಾಲು. ಅಂಥ ನಾಲ್ಕೈದು ಸಾಲು ಆದರೆ ಸಣ್ಣ ಕೆರೆಗೆ ಸಾಕು. ಎರಡು ಬೆಳಗಿನ ಕೆಲಸ.

ನೀವು ನಡೆಯುವಾಗ ಎರೆ ಮಣ್ಣಿನ ಮೇಲ್ಪದರವನ್ನು ನಂಬಬೇಡಿ. ಮೇಲೆ ಬಿರುಕು ಬಿಟ್ಟು ಹಪ್ಪಳದ ಹಾಗೆ ಒಣಗಿರುತ್ತದೆ, ಕೆಳಗೆ ಇನ್ನೂ ಕೆಸರು. ಮೊದಲನೇ ದಿನವೇ ನಾನು ಧೈರ್ಯವಾಗಿ ನಡುವಿಗೆ ನಡೆದು ಮೊಣಕಾಲವರೆಗೆ ಹೂತುಹೋದೆ. ಗೆಳೆಯ ಕೋಲು ಚಾಚಿ ಎಳೆದ. ಕಾಲು ಬಂತು, ಬಲಗಾಲಿನ ಚಪ್ಪಲಿ ಬರಲಿಲ್ಲ, ಅದು ಈಗಲೂ ಕೆರೆಯದೇ ಆಸ್ತಿ. ಉಳಿದ ಎಡಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡು ಊರೊಳಗೆ ಬಂದಾಗ ಸಿಕ್ಕಿದ ಮರ್ಯಾದೆ ಬೇರೆ. ಹಾಗಾಗಿ ಕೋಲಿನಿಂದ ಚುಚ್ಚಿ ನೋಡಿ ಕಾಲಿಡಿ. ಮತ್ತೆ ಮಣ್ಣು, ಮರಂ ತೆಗೆದವರು ಬಿಟ್ಟುಹೋದ ನೇರ ಗೋಡೆಯ ಗುಂಡಿಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಿ. ಕೆರೆ ತುಂಬಿದ ಮೇಲೆ ಇವು ಕಾಣುವುದಿಲ್ಲ, ಈಜಲು ಇಳಿದ ಹುಡುಗರು ಇಂಥದ್ದರಲ್ಲೇ ಮುಳುಗುತ್ತಾರೆ. ನಿಮ್ಮ ನಕ್ಷೆಯಲ್ಲಿ ಬೇರೆ ಏನೂ ಇರದಿದ್ದರೂ ಪರವಾಗಿಲ್ಲ, ಇದು ಇರಬೇಕು.

ನಡುವೆ ನೀರು ಉಳಿದಿದ್ದರೆ ಅದರೊಳಗೆ ನಡೆಯಬೇಡಿ. ಮೀನು ಹಿಡಿಯುವವರ ತೆಪ್ಪ ಇದ್ದರೆ ಅವರ ಜೊತೆ ಹೋಗಿ, ಅರ್ಧರ್ಧ ಮೀಟರ್‌ಗೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ತೆಪ್ಪ ಇಲ್ಲವಾ, ಆ ಜಾಗ ಖಾಲಿ ಬಿಡಿ.

ಮನೆಗೆ ಬಂದು ಚೌಕುಳಿ ಹಾಳೆಯಲ್ಲಿ ಅಂಕಿಗಳನ್ನೆಲ್ಲಾ ಹಾಕಿ. ಕೋಡಿ ಮಟ್ಟದಿಂದ 1 ಮೀಟರ್ ಕೆಳಗಿರುವ ಜಾಗಗಳನ್ನು ಒಂದು ಗೆರೆಯಲ್ಲಿ ಸೇರಿಸಿ, 2 ಮೀಟರ್‌ನವು ಇನ್ನೊಂದು ಗೆರೆ. ಪ್ರತಿ ಗೆರೆಯೊಳಗಿನ ಚೌಕ ಎಣಿಸಿ. ನಮ್ಮದರಲ್ಲಿ ಕೋಡಿ ಮಟ್ಟದಲ್ಲಿ 80 ಸಾವಿರ ಚದರ ಮೀಟರ್, 1 ಮೀಟರ್ ಕೆಳಗೆ 46 ಸಾವಿರ, 2 ಮೀಟರ್‌ಗೆ 20 ಸಾವಿರ, 3 ಮೀಟರ್‌ಗೆ ಬರೀ 4 ಸಾವಿರ. ಅತಿ ಆಳ 3.3 ಮೀಟರ್, ಎಲ್ಲಾ ಕಡೆ ಇರುವ ಹಾಗೆ ಒಡ್ಡಿನ ಹತ್ತಿರ, ತೂಬಿನ ಮುಂದೆ. ಎರಡೆರಡು ಗೆರೆಯ ಸರಾಸರಿ ತೆಗೆದು ನಡುವಿನ ಆಳದಿಂದ ಗುಣಿಸಿ ಕೂಡಿಸಿದರೆ ಸುಮಾರು 1,08,000 ಘನ ಮೀಟರ್, ಅಂದರೆ 10.8 ಕೋಟಿ ಲೀಟರ್. ಅಷ್ಟೆಲ್ಲಾ ಅಳೆಯಲು ಪುರುಸೊತ್ತಿಲ್ಲ ಅಂದರೆ ವಿಸ್ತೀರ್ಣವನ್ನು ಅತಿ ಆಳದಿಂದ ಗುಣಿಸಿ ಮೂರರಿಂದ ಭಾಗಿಸಿ. ನಮ್ಮದಕ್ಕೆ 88 ಸಾವಿರ ಬರುತ್ತದೆ. ಅಂದಾಜಿಗೆ ಅಡ್ಡಿಯಿಲ್ಲ.

ಈ ಲೆಕ್ಕದಲ್ಲಿ ಒಂದು ಮಜಾ ನೋಡಿ. ಮೇಲಿನ ಒಂದೇ ಮೀಟರ್‌ನಲ್ಲಿ 63 ಸಾವಿರ ಘನ ಮೀಟರ್ ಇದೆ, ಕೆರೆಯ ಅರ್ಧಕ್ಕಿಂತ ಜಾಸ್ತಿ! ಅದೂ ತೆಳ್ಳಗೆ, ಬಿಸಿಲಿಗೆ ಮೈಯೊಡ್ಡಿ ಮಲಗಿರುವ ನೀರು. ದಸರಾಕ್ಕೆ ತುಂಬಿ ತುಳುಕುತ್ತಿದ್ದ ಕೆರೆ ಸಂಕ್ರಾಂತಿಗೆ ಅರ್ಧ ಯಾಕಾಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಎಷ್ಟು ಆವಿಯಾಗುತ್ತದೆ, ಎಷ್ಟು ಇಂಗುತ್ತದೆ ಅಂತ ಬೇರೆ ಮಾಡಲು ಬಕೆಟ್ ಸಾಕು. ಕೆರೆಯ ಅಂಚಿನ ನೀರಲ್ಲಿ ಅಳತೆ ಗುರುತು ಹಾಕಿದ ಕೋಲು ನೆಡಿ. ದಡದಲ್ಲಿ ಅಗಲ ಬಾಯಿಯ ಬಕೆಟ್ ಅಥವಾ ಬೋಗುಣಿ, ಅದರಲ್ಲಿ ನೀರು, ಒಳಗೊಂದು ಸ್ಕೇಲ್. ಮೇಲೆ ಜಾಲರಿ ಹಾಕಿ, ಇಲ್ಲದಿದ್ದರೆ ನಾಯಿ ಕುಡಿದು ನಿಮ್ಮ ವಿಜ್ಞಾನ ಕೆಡಿಸುತ್ತದೆ. ಒಂದು ವಾರ ಬಿಟ್ಟು ಎರಡನ್ನೂ ನೋಡಿ. ಮೇ ಮೊದಲ ವಾರ ನಮ್ಮ ಬೋಗುಣಿ 77 ಮಿಲಿಮೀಟರ್ ಇಳಿದಿತ್ತು. ದಡದ ಪಾತ್ರೆ ಕೆರೆಗಿಂತ ಬೇಗ ಕಾಯುತ್ತದೆ, ಹಾಗಾಗಿ 0.7ರಿಂದ ಗುಣಿಸುವುದು ವಾಡಿಕೆ. ಆಗ 54 ಆಯಿತು. ಕೆರೆಯ ಕೋಲು ಮಾತ್ರ 95 ಮಿಲಿಮೀಟರ್ ಇಳಿದಿತ್ತು. ಉಳಿದ 41 ಎಲ್ಲಿ ಹೋಯಿತು? ಇಂಗಿದ್ದು ಸ್ವಲ್ಪ, ದನ ಕುಡಿದದ್ದು ಸ್ವಲ್ಪ, ಪಕ್ಕದ ಎರಡು ಮೋಟರ್‌ಗಳದ್ದು ಇನ್ನೂ ಸ್ವಲ್ಪ. ಆಗ ನೀರು ಹರಡಿದ್ದು 2 ಹೆಕ್ಟೇರ್, ಅಂದರೆ ವಾರಕ್ಕೆ 8 ಲಕ್ಷ ಲೀಟರ್ ಲೆಕ್ಕ. ಇದನ್ನು ಊರಲ್ಲಿ ಹೇಳುವ ಮುಂಚೆ ಯೋಚನೆ ಮಾಡಿ. ಮೋಟರ್ ಯಾರದ್ದು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಬರುವ ನೀರಿನ ಲೆಕ್ಕವೂ ಕಷ್ಟವಲ್ಲ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 10 ಸಾವಿರ ಲೀಟರ್. 220 ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಬಿದ್ದರೆ 11 ಕೋಟಿ ಲೀಟರ್, ಒಂದೇ ಮಳೆಗೆ ಕೆರೆ ತುಂಬಬೇಕು! ತುಂಬುವುದಿಲ್ಲ, ಯಾಕಂದರೆ ಎರೆ ನೆಲ ಮೊದಲು ತಾನು ಕುಡಿಯುತ್ತದೆ. ಜೂನ್‌ನಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟ ಹೊಲಕ್ಕೆ ಎಷ್ಟು ಸುರಿದರೂ ಹಳ್ಳಕ್ಕೆ ಹನಿ ಬರುವುದಿಲ್ಲ. ಬಿರುಕು ಮುಚ್ಚಿ, ಮಣ್ಣು ಉಬ್ಬಿ, ಹೊಟ್ಟೆ ತುಂಬಿದ ಮೇಲೆ ಬರುವ ಉತ್ತರಿ, ಹಸ್ತ ಮಳೆಯ ನೀರು ಹರಿದು ಬರುತ್ತದೆ. ಅದಕ್ಕೇ ನಮ್ಮ ಕಡೆಯ ಕೆರೆಗಳಿಗೆ ಸೆಪ್ಟೆಂಬರ್ ಮುಖ್ಯ. ಐದರಲ್ಲಿ ಒಂದು ಪಾಲು ಹರಿದು ಬಂತು ಅಂದುಕೊಂಡರೂ ಅಂಥ ಐದು ಮಳೆ ಬೇಕು.

ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನಕ್ಷೆಯಲ್ಲಿ ಕೊನೆಯವರೆಗೆ ಹಿಂಬಾಲಿಸಿ. ನಮ್ಮದು ಹಳ್ಳ ಹಿಡಿದು ಅಮರ್ಜಾಕ್ಕೆ, ಗಾಣಗಾಪುರದ ಸಂಗಮದಲ್ಲಿ ಭೀಮೆಗೆ, ಅಲ್ಲಿಂದ ಕೃಷ್ಣೆಗೆ. ಬೀದರ್ ಜಿಲ್ಲೆಯವರಿಗೆ ಇದು ಇನ್ನೂ ಮಜಾ ಕೊಡುತ್ತದೆ. ಅಲ್ಲಿ ಕಾರಂಜಾ ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ, ಮುಲ್ಲಾಮಾರಿ ಕಾಗಿಣಾ ಸೇರಿ ಭೀಮೆಯ ಮೂಲಕ ಕೃಷ್ಣೆಗೆ. ಒಂದೇ ಜಿಲ್ಲೆಯ ಎರಡು ಊರಿನ ಕೆರೆಗಳು ಬೇರೆ ಬೇರೆ ನದಿಯವು ಆಗಿರಬಹುದು.

ಕೊನೆಯದಾಗಿ ಹಿಂದಿನ ವರ್ಷಗಳನ್ನು ನೋಡಲು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ, ಕೋಪರ್ನಿಕಸ್ ಬ್ರೌಸರ್‌ನಲ್ಲಿ ಪುಕ್ಕಟೆ. 2015ರಿಂದ ಈಚೆಗೆ ಸಿಗುತ್ತವೆ, 2017ರಿಂದ ಐದೈದು ದಿನಕ್ಕೆ ಒಂದು, ಆದರೆ ಮಳೆಗಾಲದಲ್ಲಿ ಬರೀ ಮೋಡ. ಒಂದು ಚೌಕ 10 ಮೀಟರ್‌ಗೆ 10 ಮೀಟರ್, ಹೆಚ್ಚುಕಮ್ಮಿ ಒಂದು ಗುಂಟೆ. ಹಾಗಾಗಿ ನೀಲಿ ಚೌಕ ಎಣಿಸಿದರೆ ಗುಂಟೆ ಲೆಕ್ಕವೇ ಸಿಗುತ್ತದೆ, 40ರಿಂದ ಭಾಗಿಸಿದರೆ ಎಕರೆ. ಪ್ರತಿ ವರ್ಷದ ನವೆಂಬರ್ ಮೊದಲ ವಾರದ ಒಂದು, ಏಪ್ರಿಲ್ ಕೊನೆಯ ಒಂದು ಚಿತ್ರ ಸಾಕು. ನೀವು ಗೌಂಡಿ ಪೈಪಿನಿಂದ ಬಿಡಿಸಿದ ಗೆರೆಗಳ ಮೇಲೆ ಆ ನೀಲಿ ಆಕಾರ ಇಟ್ಟು ನೋಡಿ. ಯಾವ ಗೆರೆಗೆ ಹೊಂದುತ್ತದೆ ಅನ್ನುವುದರ ಮೇಲೆ ಆ ವರ್ಷ ಕೆರೆಯಲ್ಲಿ ಎಷ್ಟು ನೀರಿತ್ತು ಅಂತ ಮನೆಯಲ್ಲೇ ಕೂತು ಹೇಳಬಹುದು. ಚಪ್ಪಲಿಯೂ ಉಳಿಯುತ್ತದೆ.